ಹಳೆ ಪಿಕಪ್‌ಗೆ ಫ್ರಂಟ್ ಎಂಡ್ ಕಿಟ್: ಯಾವುದನ್ನು ಹಾಕಿದೆ, ಯಾವುದನ್ನು ವಾಪಸ್ ಕಳಿಸಿದೆ

ಮೊದಲು ತೀರ್ಪು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಗಾಡಿಯ ಮುಂದಿನ ಸ್ಟೇರಿಂಗ್, ಸಸ್ಪೆನ್ಷನ್ನಿನ ಸವೆಯುವ ಗಂಟುಗಳನ್ನು ಒಂದೇ ಡಬ್ಬಿಯಲ್ಲಿ ಮಾರುವ ಕಿಟ್ ಇದು. ಇದರ ಟೈ ರಾಡ್ ಎಂಡ್‌ಗಳು (ಚಕ್ರ ತಿರುಗಿಸುವ ರಾಡಿನ ತುದಿಯ ಗಂಟುಗಳು) ಚೆನ್ನಾಗಿವೆ. ಸಸ್ಪೆನ್ಷನ್ ಆರ್ಮಿಗೂ ಚಕ್ರದ ಕಡೆಗೂ ನಡುವಿನ ಗುಂಡು ಗಂಟುಗಳಾದ ಬಾಲ್ ಜಾಯಿಂಟ್‌ಗಳಲ್ಲಿ ಕೆಳಗಿನವು ಇನ್ನೂ ಚೆನ್ನಾಗಿವೆ. ಮೇಲಿನವು ಪರವಾಗಿಲ್ಲ. ತಿರುವಿನಲ್ಲಿ ಗಾಡಿ ವಾಲದಂತೆ ಹಿಡಿಯುವ ಬಾರಿಗೆ ಸೇರುವ ಸ್ಟೆಬಿಲೈಸರ್ ಲಿಂಕ್‌ನ ರಬ್ಬರ್ ಸ್ವಲ್ಪ ಮೆತ್ತಗಿದೆ, ಆದರೂ ಕೆಲಸ ನಡೆಯುತ್ತದೆ. ಐಡ್ಲರ್ ಆರ್ಮ್ ಮಾತ್ರ ನನಗೆ ಹಿಡಿಸಲಿಲ್ಲ. ಅದನ್ನು ವಾಪಸ್ ಕಳಿಸಿ ಬೇರೆ ತರಿಸಿ ಹಾಕಿದೆ.

ಕಂಪನಿಯ ಹೆಸರು ಬರೆಯುವುದಿಲ್ಲ. ನನಗೆ ಬಂದ ಒಂದು ಡಬ್ಬಿ ನೋಡಿ ಅವರ ಮಾಲೆಲ್ಲ ಹೀಗೇ ಅನ್ನುವುದು ನ್ಯಾಯವಲ್ಲ. ಅಲ್ಲದೆ ಇಂಥ ಕಿಟ್‌ಗಳನ್ನು ಬೇರೆ ಬೇರೆ ಹೆಸರಿನಲ್ಲಿ ಎಷ್ಟೋ ಜನ ಮಾರುತ್ತಾರೆ. ಡಬ್ಬಿ ಬಿಚ್ಚಿದಾಗ ಏನು ನೋಡಬೇಕು, ಯಾವುದರಲ್ಲಿ ರಾಜಿ ಆಗಬಾರದು ಅನ್ನೋದು ಗೊತ್ತಿದ್ದರೆ ಯಾರ ಕಿಟ್ಟನ್ನಾದರೂ ನೀವೇ ತೂಗಿ ನೋಡಬಹುದು. ಕಿಟ್ ಅಂದ ಮಾತ್ರಕ್ಕೆ ಒಟ್ಟಿಗೆ ಒಳ್ಳೇದು, ಒಟ್ಟಿಗೆ ಕೆಟ್ಟದ್ದು ಅಂತ ಇರುವುದಿಲ್ಲ. ಒಂದೇ ಡಬ್ಬಿಯಲ್ಲಿ ಒಂದೊಂದು ಪಾರ್ಟಿನ ಹಣೆಬರಹ ಒಂದೊಂದು ಥರ.

ನನ್ನದು ಹಳೆಯ ಫೋರ್ ವೀಲ್ ಡ್ರೈವ್ ಪಿಕಪ್. ಲ್ಯಾಡರ್ ಚಾಸಿಸ್, ಮುಂದೆ ಮೇಲೊಂದು ಕೆಳಗೊಂದು ಆರ್ಮ್, ಸ್ಪ್ರಿಂಗ್ ಬದಲಿಗೆ ಉದ್ದಕ್ಕೆ ಮಲಗಿರುವ ಟಾರ್ಷನ್ ಬಾರ್, ಹಿಂದೆ ಲೀಫ್ ಸ್ಪ್ರಿಂಗ್. ಸ್ಟೇರಿಂಗ್ ರ್‍ಯಾಕ್ ಥರದ್ದಲ್ಲ, ಬಾಕ್ಸ್ ಥರದ್ದು. ಬಾಕ್ಸ್‌ನಿಂದ ಪಿಟ್‌ಮನ್ ಆರ್ಮ್ ಇಳಿಯುತ್ತದೆ. ಅದು ಅಡ್ಡಕ್ಕಿರುವ ಸೆಂಟರ್ ಲಿಂಕನ್ನು ಎಳೆಯುತ್ತದೆ, ತಳ್ಳುತ್ತದೆ. ಸೆಂಟರ್ ಲಿಂಕಿನ ಇನ್ನೊಂದು ತುದಿಯನ್ನು ಚಾಸಿಸ್‌ಗೆ ಬೋಲ್ಟ್ ಆಗಿರುವ ಐಡ್ಲರ್ ಆರ್ಮ್ ಹಿಡಿದುಕೊಂಡಿರುತ್ತದೆ. ಅಲ್ಲಿಂದ ಎರಡೂ ಚಕ್ರಕ್ಕೆ ಒಂದೊಂದು ಟೈ ರಾಡ್. ಪ್ರತಿ ಟೈ ರಾಡ್‌ಗೆ ಒಳಗೊಂದು, ಹೊರಗೊಂದು ಎಂಡ್. ಲೆಕ್ಕ ಹಾಕಿ ನೋಡಿ, ಸ್ಟೇರಿಂಗ್ ವೀಲ್‌ನಿಂದ ಟೈರ್ ತನಕ ಎಷ್ಟು ಗಂಟುಗಳಿವೆ ಅಂತ. ಒಂದೊಂದರಲ್ಲೂ ಕೂದಲೆಳೆಯಷ್ಟು ಪ್ಲೇ (ಸಡಿಲ) ಬಂದರೂ ಎಲ್ಲ ಸೇರಿ ವೀಲ್ ಹತ್ತಿರ ಬರುವಷ್ಟರಲ್ಲಿ ಕೈಗೆ ಚೆನ್ನಾಗಿ ಗೊತ್ತಾಗುತ್ತದೆ.

ನನಗೆ ಗೊತ್ತಾದದ್ದೂ ಹಾಗೇ. ನೇರ ರಸ್ತೆಯಲ್ಲಿ ಗಾಡಿ ತಾನಾಗೇ ಎಡಕ್ಕೆ ಬಲಕ್ಕೆ ಅಲೆಯುತ್ತಿತ್ತು. ವೇಗ ಏರಿದಷ್ಟೂ ವೀಲನ್ನು ಸಣ್ಣದಾಗಿ ತಿದ್ದುತ್ತಲೇ ಇರಬೇಕು. ಬ್ರೇಕ್ ಒತ್ತಿದರೆ ಒಂದು ಕಡೆಗೆ ಎಳೆತ. ಹಳ್ಳ ಹತ್ತಿ ಇಳಿದಾಗ ಮುಂದಿನಿಂದ ‘ಟಕ್’ ಅನ್ನುವ ಸದ್ದು. ಮುಂದಿನ ಟೈರ್‌ಗಳ ಮೇಲೆ ಅಂಗೈ ಸವರಿದರೆ ಒಂದು ದಿಕ್ಕಿಗೆ ನುಣುಪು, ವಾಪಸ್ ಬಂದರೆ ಚುಚ್ಚುತ್ತಿತ್ತು. ಟೈರ್ ಹೀಗೆ ಸವೆದರೆ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಕೋನ, ಕೆಟ್ಟಿದೆ ಅಂತ ಅರ್ಥ. ಅಲೈನ್‌ಮೆಂಟ್ ಮಾಡಿಸಿದರೂ ನಿಲ್ಲದಿದ್ದರೆ ಟೋ ಹಿಡಿದುಕೊಳ್ಳಬೇಕಾದ ಪಾರ್ಟೇ ಸಡಿಲ ಆಗಿದೆ ಅಂತ.

ಕಿಟ್ ಆರ್ಡರ್ ಮಾಡುವ ಮೊದಲು ಪರೀಕ್ಷೆ ಮಾಡಿ. ಇದನ್ನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಗಾಡಿ ನೆಲದ ಮೇಲೇ ಇರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ, ಎಂಜಿನ್ ಚಾಲೂ ಇರಲಿ. ಒಬ್ಬರು ಒಳಗೆ ಕೂತು ವೀಲನ್ನು ಎಡಕ್ಕೆ ಬಲಕ್ಕೆ ಸಣ್ಣದಾಗಿ ಅಲ್ಲಾಡಿಸುತ್ತಿರಬೇಕು. ಇನ್ನೊಬ್ಬರು ಬದಿಯಿಂದ ಟಾರ್ಚ್ ಬಿಟ್ಟು ಒಂದೊಂದೇ ಗಂಟನ್ನು ನೋಡಬೇಕು, ಬೆರಳಿಟ್ಟು ಮುಟ್ಟಿ ನೋಡಬೇಕು. ನಮ್ಮಲ್ಲಿ ತಮ್ಮ ಒಳಗೆ ಕೂತಿದ್ದ, ನಾನು ಕೆಳಗೆ ಮಲಗಿದ್ದೆ. “ಅಕ್ಕಾ, ಸಾಕಾ?” ಅಂತ ಅವನು ಕೇಳುತ್ತಲೇ ಇದ್ದ, “ಇನ್ನೂ ಸ್ವಲ್ಪ ಅಲ್ಲಾಡಿಸೋ” ಅಂತ ನಾನು. ಎಡಗಡೆಯ ಹೊರಗಿನ ಎಂಡ್‌ನಲ್ಲಿ ಪಿನ್ ಮೊದಲು ಓಲಾಡುತ್ತಿತ್ತು, ಆಮೇಲೆ ಚಕ್ರ ತಿರುಗುತ್ತಿತ್ತು. ಐಡ್ಲರ್ ಆರ್ಮ್ ಅಂತೂ ಪಕ್ಕಕ್ಕೆ ಚಲಿಸುವ ಮೊದಲು ಮೇಲಕ್ಕೆ ಏಳುತ್ತಿತ್ತು. ಇದು ಸುಮ್ನೆ ಜ್ಯಾಕ್ ಹಾಕಿ ಚಕ್ರ ಅಲ್ಲಾಡಿಸಿದರೆ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ.

ಜ್ಯಾಕ್ ಹಾಕಿ ನೋಡುವುದೂ ಬೇಕು, ಅದು ಬಾಲ್ ಜಾಯಿಂಟ್‌ಗಾಗಿ. ಚಕ್ರವನ್ನು ಗಡಿಯಾರ ಅಂದುಕೊಂಡು 3 ಮತ್ತು 9ರಲ್ಲಿ ಹಿಡಿದು ಅಲ್ಲಾಡಿಸಿದರೆ ಟೈ ರಾಡ್ ಕಡೆಯ ಪ್ಲೇ ಸಿಗುತ್ತದೆ, 12 ಮತ್ತು 6ರಲ್ಲಿ ಹಿಡಿದರೆ ಬಾಲ್ ಜಾಯಿಂಟ್ ಕಡೆಯದ್ದು. ವೀಲ್ ಬೇರಿಂಗ್ ಸಡಿಲ ಇದ್ದರೂ ಹೀಗೇ ಅಲ್ಲಾಡುತ್ತದೆ. ಹಾಗಾಗಿ ಯಾರಾದರೂ ಬ್ರೇಕ್ ಒತ್ತಿ ಹಿಡಿದಿರಲಿ. ಆಗ ಪ್ಲೇ ಮಾಯವಾದರೆ ತಪ್ಪು ಬೇರಿಂಗಿನದು. ಇನ್ನೊಂದು ಮುಖ್ಯ ಮಾತು: ನನ್ನ ಗಾಡಿಯಲ್ಲಿ ಟಾರ್ಷನ್ ಬಾರ್ ಕೆಳಗಿನ ಆರ್ಮ್‌ಗೆ ಸೇರಿದೆ. ಅಂದರೆ ಗಾಡಿಯ ಭಾರ ಹೊರುವುದು ಕೆಳಗಿನ ಬಾಲ್ ಜಾಯಿಂಟ್. ಅದರ ಮೇಲಿನ ಭಾರ ಇಳಿಯಬೇಕಾದರೆ ಜ್ಯಾಕ್ ಕೆಳಗಿನ ಆರ್ಮ್ ಅಡಿಯಲ್ಲೇ ಇರಬೇಕು. ಚಾಸಿಸ್ ಅಡಿ ಇಟ್ಟರೆ ಸ್ಪ್ರಿಂಗಿನ ಒತ್ತಡ ಜಾಯಿಂಟನ್ನು ಬಿಗಿಯಾಗಿ ಎಳೆದುಕೊಂಡಿರುತ್ತದೆ, ಸವೆದ ಜಾಯಿಂಟ್ ಕೂಡ ಹೊಸದರಂತೆ ನಟಿಸುತ್ತದೆ. ಸ್ಪ್ರಿಂಗ್ ಮೇಲಿನ ಆರ್ಮ್ ಮೇಲೆ ಕೂರುವ ಗಾಡಿಗಳೂ ಇವೆ, ಅವುಗಳಲ್ಲಿ ಇದು ಉಲ್ಟಾ.

ಇನ್ನು ಡಬ್ಬಿ. ಮೇಲಿನ ಬಾಲ್ ಜಾಯಿಂಟ್ ಎರಡು, ಕೆಳಗಿನವು ಎರಡು, ಒಳ ಹೊರ ಎಂಡ್‌ಗಳು, ಅವನ್ನು ಜೋಡಿಸುವ ಸ್ಲೀವ್‌ಗಳು, ಐಡ್ಲರ್ ಆರ್ಮ್, ಸ್ಟೆಬಿಲೈಸರ್ ಲಿಂಕ್‌ಗಳು, ನಟ್, ನಟ್ ಬಿಚ್ಚದಂತೆ ತಡೆಯುವ ಸ್ಪ್ಲಿಟ್ ಪಿನ್, ಗ್ರೀಸ್ ತುಂಬುವ ನಿಪ್ಪಲ್. ಪ್ಯಾಕಿಂಗ್ ಚೆನ್ನಾಗಿತ್ತು. ಪ್ರತಿ ಪಾರ್ಟ್ ಬೇರೆ ಕವರಿನಲ್ಲಿ, ಪಿನ್‌ಗಳ ತ್ರೆಡ್ಡಿಗೆ ಪ್ಲಾಸ್ಟಿಕ್ ಟೋಪಿ. ಇದು ಸಣ್ಣ ವಿಷಯ ಅಲ್ಲ. ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಾ ಬಂದ ಡಬ್ಬಿಯಲ್ಲಿ ಗಂಟುಗಳನ್ನು ಮುಚ್ಚುವ ರಬ್ಬರ್ ಬೂಟುಗಳು ದಾರಿಯಲ್ಲೇ ತರಚಿರುತ್ತವೆ.

ಹೊಸ ಬಾಲ್ ಜಾಯಿಂಟ್ ಕೈಗೆ ಬಂದ ತಕ್ಷಣ ನಾನು ಪಿನ್ನಿಗೆ ನಟ್ ಹಾಕಿ, ಎಲ್ಲ ದಿಕ್ಕಿಗೂ ಓಲಾಡಿಸಿ ನೋಡುತ್ತೇನೆ. ಬಿಗಿಯಾಗಿರಬೇಕು, ಆದರೆ ಒಂದೇ ಸಮನಾಗಿ ತಿರುಗಬೇಕು. ಕೆಳಗಿನವೆರಡೂ ಹಾಗೇ ಇದ್ದವು. ಎಲ್ಲೂ ತಡೆದು ಹಾರಲಿಲ್ಲ. ಮೇಲಿನವುಗಳಲ್ಲಿ ಒಂದು ಸ್ವಲ್ಪ ಹಗುರ ತಿರುಗುತ್ತಿತ್ತು. ಪ್ಲೇ ಇರಲಿಲ್ಲ, ಅಷ್ಟಾಗಿ ತಲೆಕೆಡಿಸಿಕೊಳ್ಳಲಿಲ್ಲ. ಮೇಲಿನದು ನನ್ನ ಗಾಡಿಯಲ್ಲಿ ಭಾರ ಹೊರುವುದಿಲ್ಲ, ಸ್ಟೇರಿಂಗ್ ನಕಲ್ (ಚಕ್ರ ಕೂರುವ, ತಿರುಗುವ ತುಂಡು) ನೆಟ್ಟಗೆ ಹಿಡಿದುಕೊಂಡರೆ ಸಾಕು. ಆದರೆ ಅದರ ಬೂಟು ತೆಳ್ಳಗಿತ್ತು, ಅಚ್ಚಿನ ಗೆರೆ ಎದ್ದು ಕಾಣುತ್ತಿತ್ತು. ಪರವಾಗಿಲ್ಲ ಅಂದದ್ದು ಇದಕ್ಕೇ. ಬಾಲ್ ಜಾಯಿಂಟ್ ಸಾಮಾನ್ಯವಾಗಿ ಸಾಯುವುದು ಲೋಹ ಸವೆದು ಅಲ್ಲ, ಬೂಟು ಹರಿದು ನೀರು ಮಣ್ಣು ಒಳಗೆ ಹೋಗಿ.

ಟೇಪರ್ ಪರೀಕ್ಷೆಯನ್ನು ತುಂಬಾ ಜನ ಮಾಡುವುದಿಲ್ಲ, ಆದರೆ ಅದಕ್ಕೆ ಬೇಕಾಗುವುದು ಒಂದು ಮಾರ್ಕರ್ ಪೆನ್ ಅಷ್ಟೇ. ಈ ಪಿನ್‌ಗಳೆಲ್ಲ ಬುಡದಲ್ಲಿ ದಪ್ಪ, ತುದಿಗೆ ಹೋಗ್ತಾ ಸಣ್ಣ. ಅದಕ್ಕೆ ಸರಿಹೊಂದುವ ಟೇಪರ್ ತೂತು ಸ್ಟೇರಿಂಗ್ ನಕಲ್‌ನಲ್ಲಿರುತ್ತದೆ. ಎರಡೂ ಪೂರ್ತಿ ಉದ್ದಕ್ಕೂ ಒಂದನ್ನೊಂದು ಕಚ್ಚಿದರೆ ಮಾತ್ರ ಹಿಡಿತ. ಪಿನ್ ಮೇಲೆ ಮಾರ್ಕರಿನಿಂದ ಉದ್ದುದ್ದ ನಾಲ್ಕು ಗೆರೆ ಎಳೆಯಿರಿ, ಚೊಕ್ಕ ಮಾಡಿದ ತೂತಿಗೆ ಒತ್ತಿ ಸ್ವಲ್ಪ ತಿರುಗಿಸಿ, ತೆಗೆದು ನೋಡಿ. ಗೆರೆ ಉದ್ದಕ್ಕೂ ಉಜ್ಜಿಹೋಗಿದ್ದರೆ ಸರಿ. ಮೇಲೆ ಮಾತ್ರ ಅಥವಾ ಕೆಳಗೆ ಮಾತ್ರ ಉಜ್ಜಿದ್ದರೆ ಟೇಪರ್ ಹೊಂದುವುದಿಲ್ಲ, ಅಂಥದ್ದನ್ನು ನಟ್ ಬಿಗಿ ಮಾಡಿ ಕೂರಿಸಲೇಬೇಡಿ. ಆ ಪಿನ್ ತೂತಿನೊಳಗೆ ಸಣ್ಣದಾಗಿ ಕುಣಿಯುತ್ತಲೇ ಇದ್ದು ಒಂದು ದಿನ ಮುರಿಯುತ್ತದೆ. ಈ ಕಿಟ್ಟಿನ ಬಾಲ್ ಜಾಯಿಂಟ್‌ಗಳಲ್ಲೂ ಎಂಡ್‌ಗಳಲ್ಲೂ ಗೆರೆ ಸಮನಾಗಿ ಅಳಿಸಿತು. ಯಂತ್ರದ ಕೆಲಸ ಶಿಸ್ತಾಗಿದೆ, ಇದಕ್ಕೆ ಪೂರ್ತಿ ಅಂಕ ಕೊಡುತ್ತೇನೆ.

ಈಗ ಐಡ್ಲರ್ ಆರ್ಮ್ ಬಗ್ಗೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಜನ ಎಂಡ್‌ಗಳನ್ನೆಲ್ಲ ಬದಲಾಯಿಸಿ ಇದನ್ನು ಬಿಟ್ಟುಬಿಡುತ್ತಾರೆ. ಬೋಲ್ಟು ಹಾಕಿ ಕೂರಿಸಿದ ಒಂದು ತುಂಡು ಕಬ್ಬಿಣ, ಇದರಲ್ಲೇನಿದೆ ಅನ್ನಿಸುತ್ತದೆ. ಪಿಟ್‌ಮನ್ ಆರ್ಮ್ ಮತ್ತು ಐಡ್ಲರ್ ಆರ್ಮ್ ಎರಡೂ ಸೇರಿ ಸೆಂಟರ್ ಲಿಂಕನ್ನು ಒಂದೇ ಎತ್ತರದಲ್ಲಿ ಹಿಡಿದಿರಬೇಕು. ಜೋಡೆತ್ತಿನಲ್ಲಿ ಒಂದು ಕುಂಟಿದರೆ ನೊಗ ಓರೆಯಾಗುತ್ತದೆ ಅಲ್ವಾ, ಹಾಗೆ. ಐಡ್ಲರ್ ತುದಿ ಮೇಲೆ ಕೆಳಗೆ ಆಡಿದರೆ ಆ ಕಡೆಯ ಟೈ ರಾಡ್‌ನ ಕೋನ ಬದಲಾಗುತ್ತದೆ. ಕೋನ ಬದಲಾದರೆ ಆ ಚಕ್ರದ ಟೋ ಬದಲಾಗುತ್ತದೆ. ನೀವು ವೀಲನ್ನು ಅಲ್ಲಾಡಿಸದೇ ಇದ್ದರೂ ರಸ್ತೆಯ ಪ್ರತಿ ಉಬ್ಬಿಗೂ ಚಕ್ರ ತಾನೇ ಒಂದಿಷ್ಟು ತಿರುಗುತ್ತದೆ. ಗಾಡಿ ಅಲೆಯುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಾಗಿಲ್ಲ.

ಕಿಟ್ಟಿನ ಐಡ್ಲರ್ ಆರ್ಮನ್ನು ಬ್ರಾಕೆಟ್ ಸಮೇತ ವೈಸ್‌ನಲ್ಲಿ ಬಿಗಿದೆ. ತುದಿಗೆ ಸಣ್ಣ ಚಲನೆ ಅಳೆಯುವ ಡಯಲ್ ಗೇಜ್ ಇಟ್ಟೆ. ಕೈಯಲ್ಲಿ ಮೇಲಕ್ಕೆ ಎತ್ತಿ ಕೆಳಕ್ಕೆ ಒತ್ತಿದರೆ ಮುಳ್ಳು ಸುಮಾರು 2 ಮಿ.ಮೀ. ಓಡಾಡಿತು. ಇನ್ನೂ ರಸ್ತೆಯ ಮುಖ ನೋಡದ ಪಾರ್ಟ್! ಹೊಸದರಲ್ಲಿ ಸ್ವಲ್ಪವೂ ಆಡಬಾರದು ಅಂತಲ್ಲ, ಎಷ್ಟು ಬಲಕ್ಕೆ ಎಷ್ಟು ಆಡಬಹುದು ಅಂತ ಆಯಾ ಗಾಡಿಯ ಮ್ಯಾನುಯಲ್‌ನಲ್ಲಿ ಇರುತ್ತದೆ. ಆದರೆ ಸವೆದು ಸವೆದು ಕೊನೆಗೆ ಮುಟ್ಟಬೇಕಾದ ಮಿತಿಯ ಅರ್ಧ ದಾರಿಯನ್ನು ಡಬ್ಬಿಯಲ್ಲೇ ನಡೆದು ಬಂದಿದ್ದರೆ ಅದನ್ನು ನಾನ್ಯಾಕೆ ಹಾಕಲಿ? ಬಿಚ್ಚಿ ನೋಡಿದರೆ ಒಳಗೆ ಪ್ಲಾಸ್ಟಿಕ್ ಬುಷ್ (ಶಾಫ್ಟ್ ಕೂರುವ ಕೊಳವೆಯಂಥ ಒಳಪದರ). ಅದರೊಳಗೆ ಶಾಫ್ಟ್ ಸಡಿಲವಾಗಿ ಕೂತಿತ್ತು.

ಮಾರಿದವರಿಗೆ ಗೇಜ್ ಓಡಾಡುವ ವಿಡಿಯೋ ಕಳಿಸಿದೆ. ಮೊದಲು ಬಂದ ಉತ್ತರ: “ಗ್ರೀಸ್ ಹೊಡೆಯಿರಿ ಮೇಡಂ, ಸರಿಹೋಗುತ್ತೆ.” ಗ್ರೀಸ್ ತುಂಬಿದರೆ ಪ್ಲೇ ಮುಚ್ಚಿಕೊಳ್ಳುವುದು ನಿಜ, ಆದರೆ ನಾಲ್ಕು ಸಲ ಒತ್ತಿದರೆ ಗ್ರೀಸ್ ಪಕ್ಕಕ್ಕೆ ಸರಿದು ಮತ್ತೆ ಅಷ್ಟೇ ಆಡುತ್ತದೆ. ಅದನ್ನೂ ವಿಡಿಯೋ ಮಾಡಿ ಕಳಿಸಿದ ಮೇಲೆ ಮಾತಿಲ್ಲದೆ ವಾಪಸ್ ತಗೊಂಡರು, ಆ ಪಾರ್ಟಿನ ದುಡ್ಡು ಬಂತು. ಕಿಟ್ ಪೂರ್ತಿ ವಾಪಸ್ ಕೊಡಿ ಅಂತ ಪಟ್ಟು ಹಿಡಿಯಲಿಲ್ಲ. ಅದು ಅವರ ಒಳ್ಳೆಯ ಗುಣ, ಬರೆಯಲೇಬೇಕು. ಅದರ ಬದಲಿಗೆ ಬುಷ್ ಇಲ್ಲದ, ಒಳಗೆ ರೋಲರ್ ಬೇರಿಂಗ್ ಇರುವ ಐಡ್ಲರ್ ತರಿಸಿದೆ. ಅದೇ ವೈಸ್, ಅದೇ ಗೇಜ್. ಮುಳ್ಳು ಅಲ್ಲಾಡಿತೋ ಇಲ್ಲವೋ ಅನ್ನುವಷ್ಟು. ನಿಮ್ಮ ಗಾಡಿಗೆ ಬೇರಿಂಗ್ ಥರದ್ದು ಸಿಗುತ್ತದೆ ಅಂದರೆ ಎರಡನೇ ಮಾತಿಲ್ಲದೆ ಅದನ್ನೇ ತಗೊಳ್ಳಿ.

ಬಿಚ್ಚುವ ಕೆಲಸದಲ್ಲಿ ಒಂದು ಎಚ್ಚರ ಮೊದಲು. ಟಾರ್ಷನ್ ಬಾರ್ ತಿರುಚಿದ ಉಕ್ಕು, ಅದರೊಳಗೆ ಗಾಡಿಯ ಮುಂಭಾಗವನ್ನು ಎತ್ತಿ ಹಿಡಿಯುವಷ್ಟು ಬಲ ಕೂತಿರುತ್ತದೆ. ಅದನ್ನು ಇಳಿಸುವ ಸರಿಯಾದ ಟೂಲ್ ಇಲ್ಲದೆ ಕೈ ಹಾಕಬೇಡಿ. ಅಡ್ಜಸ್ಟರ್ ಬೋಲ್ಟ್ ಎಷ್ಟು ಹೊರಗಿದೆ ಅಂತ ಮೊದಲೇ ಅಳೆದು ಬರೆದಿಟ್ಟುಕೊಳ್ಳಿ. ಎಡ ಬಲ ಬಾರ್ ಅದಲು ಬದಲು ಆಗಬಾರದು, ಅವು ತಿರುಚುವ ದಿಕ್ಕು ಬೇರೆ ಬೇರೆ. ಬಾರ್ ಮೇಲೆ ಸುತ್ತಿಗೆ ಉಳಿ ಗುರುತು ಬೀಳಬಾರದು, ಆ ಗೀರಿನಿಂದಲೇ ಬಿರುಕು ಶುರುವಾಗುತ್ತದೆ. ಬರೀ ಜ್ಯಾಕ್ ನಂಬಿ ಅಡಿಗೆ ಹೋಗಲೇಬಾರದು. ಚಾಸಿಸ್ ಅಡಿಗೆ ಸ್ಟ್ಯಾಂಡ್ ಇರಬೇಕು, ಹಿಂದಿನ ಚಕ್ರಕ್ಕೆ ಅಡ್ಡ ಇರಬೇಕು.

ಹಳೆ ಎಂಡ್‌ಗಳನ್ನು ಬಿಡಿಸಲು ಫೋರ್ಕ್ ಥರದ್ದು ಹೊಡೆಯುತ್ತಾರೆ. ಹೇಗೂ ಎಸೆಯುವ ಎಂಡ್ ಆದರೆ ಸರಿ, ಆದರೆ ಅದು ಬೂಟನ್ನು ಹರಿದೇ ಹಾಕುತ್ತದೆ. ಸೆಂಟರ್ ಲಿಂಕ್ ಉಳಿಸಿಕೊಳ್ಳಬೇಕಿದ್ದರಿಂದ ನಾನು ಸ್ಕ್ರೂ ಇರುವ ಪುಲ್ಲರ್ ಬಳಸಿದೆ. ಪುಲ್ಲರ್ ಬಿಗಿ ಮಾಡಿ, ನಟ್ ಎರಡು ಸುತ್ತು ಹಾಗೇ ಬಿಟ್ಟು, ಟೇಪರ್ ಇರುವ ಕಬ್ಬಿಣದ ಪಕ್ಕಕ್ಕೆ ಸುತ್ತಿಗೆಯಿಂದ ಒಂದು ಗಟ್ಟಿ ಪೆಟ್ಟು. ‘ಠಕ್’ ಅಂತ ಬಿಡುತ್ತದೆ. ಪಿನ್ ತುದಿಗೆ ಹೊಡೆದರೆ ತ್ರೆಡ್ ಹಾಳು, ಕೆಲಸವೂ ಆಗುವುದಿಲ್ಲ.

ಕೆಳಗಿನ ಬಾಲ್ ಜಾಯಿಂಟ್ ಆರ್ಮಿನೊಳಗೆ ಪ್ರೆಸ್ ಆಗಿ ಕೂರುವಂಥದ್ದು. ಇದನ್ನು ಬಡಿದು ಕೂರಿಸುವವರನ್ನು ನೋಡಿದ್ದೇನೆ, ನೋಡುವುದಕ್ಕೇ ಹಿಂಸೆ. ಸಿ ಆಕಾರದ ಪ್ರೆಸ್ ಬಾಡಿಗೆಗಾದರೂ ತನ್ನಿ. ಕೂರಿಸುವಾಗ ಪಾನಾ ತಿರುಗಿಸುವ ಕೈಗೆ ಬರುವ ಬಿಗಿ ಮೊದಲಿನಿಂದ ಕೊನೆಯ ತನಕ ಇರಬೇಕು. ಸಲೀಸಾಗಿ ಜಾರಿ ಹೋದರೆ ಆರ್ಮಿನ ತೂತೇ ಅಗಲವಾಗಿದೆ ಅಂತ ಅರ್ಥ, ಆಗ ಆರ್ಮ್ ಬದಲಾಯಿಸಬೇಕು. ವೆಲ್ಡ್ ಮಾಡಿ ನಿಲ್ಲಿಸುವ ಯೋಚನೆಯನ್ನೂ ಮಾಡಬೇಡಿ. ಈ ಕಿಟ್ಟಿನವು ಎರಡೂ ಕಡೆ ಬಿಗಿಯಾಗಿ, ನೇರವಾಗಿ ಕೂತವು. ಬೂಟನ್ನು ಹಿಡಿಯುವ ತಂತಿ ಬಳೆ ಕೂಡ ಗಟ್ಟಿಯಾಗಿದೆ. ಇಡೀ ಡಬ್ಬಿಯಲ್ಲಿ ಇವೇ ಅತ್ಯುತ್ತಮ.

ಮೇಲಿನವು ಕಾರ್ಖಾನೆಯಿಂದ ರಿವೆಟ್ ಹೊಡೆದು ಬಂದಿದ್ದವು. ತಲೆಯ ನಡುವೆ ಪಂಚ್ ಮಾಡಿ, ಸಣ್ಣ ಬಿಟ್‌ನಲ್ಲಿ ತೂತು ಕೊರೆದು, ಆಮೇಲೆ ದೊಡ್ಡ ಬಿಟ್‌ನಲ್ಲಿ ತಲೆ ತೆಗೆದೆ. ಆರ್ಮಿಗೆ ಡ್ರಿಲ್ ತಾಗದಂತೆ ನೋಡಿಕೊಳ್ಳಿ. ರಿವೆಟ್ ಜಾಗಕ್ಕೆ ಕಿಟ್ಟಿನಲ್ಲಿ ಬೋಲ್ಟ್ ಕೊಡುತ್ತಾರೆ. ಬೋಲ್ಟ್ ತಲೆಯ ಮೇಲೆ 10.9 ಅಂತ ಗಟ್ಟಿ ಬೋಲ್ಟಿನ ದರ್ಜೆ ಇತ್ತು, ನೋಡಿ ಸಮಾಧಾನ ಆಯಿತು. ತಲೆಯ ಮೇಲೆ ಏನೂ ಬರೆದಿಲ್ಲದ ಬೋಲ್ಟ್ ಬಂದರೆ ಇಂಥ ಜಾಗಕ್ಕೆ ಹಾಕಬೇಡಿ.

ಟೈ ರಾಡ್ ಕೆಲಸ ಸುಲಭ. ಒಂದು ತುದಿ ಬಲ ತ್ರೆಡ್, ಇನ್ನೊಂದು ಎಡ ತ್ರೆಡ್. ಸ್ಲೀವ್ ತಿರುಗಿಸಿದರೆ ಇಡೀ ರಾಡ್ ಉದ್ದ ಆಗುತ್ತದೆ ಇಲ್ಲವೇ ಗಿಡ್ಡ ಆಗುತ್ತದೆ. ಹಳೆ ರಾಡ್ ಬಿಚ್ಚುವ ಮೊದಲು ಒಂದು ನಿಪ್ಪಲ್‌ನಿಂದ ಇನ್ನೊಂದು ನಿಪ್ಪಲ್ ತನಕ ಅಳೆದು, ಹೊಸದನ್ನೂ ಅಷ್ಟಕ್ಕೇ ಜೋಡಿಸಿ. ಅಲೈನ್‌ಮೆಂಟ್‌ಗೆ ಓಡಿಸಿಕೊಂಡು ಹೋಗುವ ಮಟ್ಟಿಗೆ ಅಷ್ಟು ಸಾಕು. ಸ್ಲೀವ್ ಒಳಗೆ ಬಣ್ಣ ಕೂತಿತ್ತು, ತ್ರೆಡ್ ಬಿಗಿ ಹಿಡಿಯುತ್ತಿತ್ತು. ಚೊಕ್ಕ ಮಾಡಿ, ತ್ರೆಡ್ ಕಚ್ಚಿಕೊಳ್ಳದಂತೆ ಆಂಟಿ ಸೀಜ್ ಪೇಸ್ಟ್ ಹಚ್ಚಿ ಜೋಡಿಸಿದೆ. ಇವತ್ತು ಹಚ್ಚದಿದ್ದರೆ ಮುಂದೆ ಅಲೈನ್‌ಮೆಂಟ್ ಮಾಡುವ ಹುಡುಗ ಸ್ಲೀವನ್ನು ಬೆಂಕಿಯಲ್ಲಿ ಕಾಯಿಸಿ ಬಿಡಿಸಬೇಕಾಗುತ್ತದೆ.

ಪಿನ್ನಿನ ನಟ್ ವಿಷಯದಲ್ಲಿ ರಾಜಿ ಬೇಡ. ಟಾರ್ಕ್ ರೆಂಚ್‌ನಿಂದ ಮ್ಯಾನುಯಲ್ ಹೇಳಿದಷ್ಟು ಬಿಗಿ ಮಾಡಿ. ಸ್ಪ್ಲಿಟ್ ಪಿನ್ನಿನ ತೂತು ಎದುರಾಗದಿದ್ದರೆ ಇನ್ನೂ ಸ್ವಲ್ಪ ಬಿಗಿ ಮಾಡಿ ಎದುರಿಗೆ ತನ್ನಿ. ತೂತು ಸಿಗಲಿ ಅಂತ ಹಿಂದಕ್ಕೆ ಸಡಿಲಿಸಲೇಬಾರದು. ಸ್ಪ್ಲಿಟ್ ಪಿನ್ ಪ್ರತಿ ಸಲ ಹೊಸದೇ. ಕಿಟ್ಟಿನಲ್ಲಿ ಕೊಟ್ಟವು ಸರಿಯಾದ ದಪ್ಪಕ್ಕೇ ಇದ್ದವು.

ನಿಪ್ಪಲ್ ಇರುವ ಪಾರ್ಟ್ ಒಳ್ಳೇದೋ, ಸೀಲ್ ಆದದ್ದು ಒಳ್ಳೇದೋ ಅಂತ ಕೇಳುತ್ತಾರೆ. ಗ್ರೀಸ್ ಗನ್ ಹಿಡಿಯುವ ಅಭ್ಯಾಸ ಇದ್ದರೆ ನಿಪ್ಪಲ್ ಇರುವುದೇ ಲೇಸು. ಹೊಸ ಗ್ರೀಸ್ ಹಳೆಯದನ್ನೂ ನೀರನ್ನೂ ಹೊರಗೆ ತಳ್ಳುತ್ತದೆ. ವರ್ಷಗಟ್ಟಲೆ ಅಡಿ ನೋಡದವರಿಗೆ ಒಳ್ಳೆಯ ಸೀಲ್ ಆದದ್ದೇ ಸರಿ. ಈ ಕಿಟ್‌ನವು ನಿಪ್ಪಲ್ ಇರುವವು, ಬರುವಾಗ ಒಳಗಿದ್ದ ಗ್ರೀಸ್ ಮಾತ್ರ ತೀರಾ ಕಡಿಮೆ. ಹಾಕಿದ ಕೂಡಲೇ ತುಂಬಬೇಕು, ಬೂಟು ಸ್ವಲ್ಪ ಉಬ್ಬಿದ ತಕ್ಷಣ ನಿಲ್ಲಿಸಬೇಕು. ಇನ್ನೂ ಒತ್ತಿದರೆ ಬೂಟು ಸಿಡಿಯುತ್ತದೆ.

ಆರ್ಮ್ ಬುಷ್‌ಗಳು ಈ ಕಿಟ್ಟಿನಲ್ಲಿ ಇರಲಿಲ್ಲ. ಬೇರೆ ತರಿಸಿದೆ, ರಬ್ಬರಿನವು. ಪಾಲಿಯೂರಿಥೇನ್ ಹಾಕಿ, ಬಾಳಿಕೆ ಜಾಸ್ತಿ ಅಂತ ತಮ್ಮ ಹೇಳಿದ. ಅದು ಗಟ್ಟಿ, ಎಣ್ಣೆಗೂ ಹೆದರುವುದಿಲ್ಲ, ಸ್ಟೇರಿಂಗ್‌ಗೆ ತಕ್ಷಣ ಉತ್ತರ ಕೊಡುತ್ತದೆ. ಆದರೆ ಅದು ನಡುವಿನ ಪೈಪಿನ ಮೇಲೆ ಜಾರುತ್ತಾ ತಿರುಗುವಂಥದ್ದು, ಅದರದೇ ಗ್ರೀಸ್ ಬೇಕು, ಒಣಗಿದರೆ ಕಿರುಗುಡುತ್ತದೆ, ರಸ್ತೆಯ ಪ್ರತಿ ಕಲ್ಲನ್ನೂ ಕ್ಯಾಬಿನ್‌ಗೆ ತಲುಪಿಸುತ್ತದೆ. ದಿನಾ ಓಡಿಸುವ ಗಾಡಿಗೆ ನನಗದು ಬೇಡ.

ರಬ್ಬರ್ ಬುಷ್ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಒಳಗಿನ ಪೈಪ್ ಬೋಲ್ಟಿನ ಜೊತೆ ಬಿಗಿಯಾಗಿರುತ್ತದೆ, ಹೊರಗಿನದು ಆರ್ಮಿನ ಜೊತೆ, ನಡುವಿನ ರಬ್ಬರ್ ಎರಡಕ್ಕೂ ಅಂಟಿಕೊಂಡಿರುತ್ತದೆ. ಹಾಗಾಗಿ ಆರ್ಮ್ ನೇತಾಡುತ್ತಿರುವಾಗ ಬೋಲ್ಟ್ ಬಿಗಿದುಬಿಟ್ಟರೆ ಗಾಡಿ ನೆಲಕ್ಕಿಳಿದಾಗ ರಬ್ಬರ್ ನಿಂತಲ್ಲೇ ತಿರುಚಿಕೊಂಡಿರುತ್ತದೆ. ಒಂದು ದೊಡ್ಡ ಹಳ್ಳ ಸಿಕ್ಕರೆ ಇನ್ನೂ ತಿರುಚುತ್ತದೆ, ಬೇಗ ಹರಿಯುತ್ತದೆ. ಹೊಸ ಬುಷ್ ಆರು ತಿಂಗಳಿಗೇ ಹೋಯಿತು, ಮಾಲು ಸರಿಯಿಲ್ಲ ಅಂತ ಬೈಯುವವರಲ್ಲಿ ಎಷ್ಟೋ ಜನರ ಗಾಡಿಯಲ್ಲಿ ಆಗಿರುವುದು ಇದು. ಬೋಲ್ಟ್‌ಗಳನ್ನು ಕೈಬಿಗಿ ಮಾಡಿ, ಗಾಡಿಯನ್ನು ಚಕ್ರದ ಮೇಲೆ ಇಳಿಸಿ, ಮುಂದೆ ಹಿಂದೆ ಒಂದಿಷ್ಟು ಉರುಳಿಸಿ, ಬಂಪರ್ ಒತ್ತಿ ಕುಣಿಸಿ, ಟಾರ್ಷನ್ ಬಾರ್‌ನಲ್ಲಿ ಎತ್ತರ ಸರಿ ಮಾಡಿ. ಕೊನೆಯ ಬಿಗಿ ಆಮೇಲೆ.

ಶಾಕ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಳೆಯವು ಎಣ್ಣೆ ಒಸರುತ್ತಿದ್ದವು, ಗ್ಯಾಸ್ ತುಂಬಿದ ಟ್ವಿನ್ ಟ್ಯೂಬ್ ಹಾಕಿದೆ. ಶಾಕ್ ಗಾಡಿಯ ಭಾರ ಹೊರುವುದಿಲ್ಲ, ಕುಣಿತ ನಿಲ್ಲಿಸುತ್ತದೆ ಅಷ್ಟೇ. ಮುಂದೆ ತಗ್ಗಿರುವ ಗಾಡಿ ಶಾಕ್ ಬದಲಾಯಿಸಿದರೆ ಎದ್ದು ನಿಲ್ಲುವುದಿಲ್ಲ.

ಸ್ಟೇರಿಂಗ್ ಬಾಕ್ಸ್ ಮೇಲೆ ಒಂದು ಸ್ಕ್ರೂ ಇರುತ್ತದೆ. ವೀಲ್ ಸಡಿಲ ಅಂದ ಕೂಡಲೇ ಕೆಲವರು ಅದನ್ನೇ ಬಿಗಿ ಮಾಡಿ ಕಳಿಸುತ್ತಾರೆ. ಸವೆದ ಎಂಡ್‌ನ ಪ್ಲೇ ಅದರಿಂದ ಹೋಗುವುದಿಲ್ಲ. ಅತಿಯಾಗಿ ಬಿಗಿದರೆ ತಿರುವಿನ ಆಚೆ ವೀಲ್ ತಾನಾಗಿ ವಾಪಸ್ ಬರುವುದಿಲ್ಲ, ಒಳಗಿನ ಗೇರು ಸವೆಯುತ್ತದೆ. ಮೊದಲು ಲಿಂಕೇಜ್ ಪೂರ್ತಿ ಸರಿ ಮಾಡಿ, ಕಾಲಮ್ಮಿನ ಬುಡದಲ್ಲಿರುವ ರಬ್ಬರ್ ಕಪ್ಲಿಂಗ್ ನೋಡಿ. ಬಾಕ್ಸ್ ಮುಟ್ಟುವುದು ಅಷ್ಟೆಲ್ಲ ಆದಮೇಲೆ. ನನ್ನ ಗಾಡಿಯಲ್ಲಿ ಮುಟ್ಟುವ ಅಗತ್ಯವೇ ಬರಲಿಲ್ಲ.

ಅಲೈನ್‌ಮೆಂಟ್‌ಗೆ ಹೋದಾಗ ಅಳತೆಗಳ ಪ್ರಿಂಟ್ ಕೇಳಿ ತಗೊಳ್ಳಿ. ಮೊದಲು ಗಾಡಿಯ ಎತ್ತರ, ಆಮೇಲೆ ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದೆ ಮುಂದೆ ವಾಲಿರುವ ಕೋನ), ಕ್ಯಾಂಬರ್ (ಚಕ್ರ ಒಳಕ್ಕೆ ಹೊರಕ್ಕೆ ವಾಲಿರುವ ಕೋನ), ಕೊನೆಗೆ ಟೋ. ಈ ಕ್ರಮ ತಪ್ಪಿದರೆ ಒಂದನ್ನು ಸರಿ ಮಾಡಿದಾಗ ಇನ್ನೊಂದು ಕೆಡುತ್ತದೆ. ನನ್ನ ಗಾಡಿಯಲ್ಲಿ ಈ ಕೋನಗಳನ್ನು ಹೊಂದಿಸುವ ಮೇಲಿನ ಆರ್ಮಿನ ಕ್ಯಾಮ್ ಬೋಲ್ಟ್‌ಗಳು ತುಕ್ಕು ಹಿಡಿದಿದ್ದವು. ಬುಷ್ ಹಾಕುವಾಗಲೇ ಹೊಸದನ್ನು ಹಾಕಿದ್ದರಿಂದ ಅಲ್ಲಿ ತೊಂದರೆ ಆಗಲಿಲ್ಲ. ಕ್ಯಾಸ್ಟರ್ ಎರಡೂ ಕಡೆ ಸಮ ಬರಲಿ ಅಂತ ಸ್ವಲ್ಪ ಜಾಸ್ತಿ ಹೊತ್ತು ಕೇಳಿ ಮಾಡಿಸಿದೆ. ವೀಲ್ ತಾನಾಗಿ ನೇರಕ್ಕೆ ಬರುವ ಗುಣ ಅದರಲ್ಲೇ ಇರುವುದು.

ಈಗ ಓಡಿಸುವುದಕ್ಕೆ ಹೇಗಿದೆ? ನೇರ ರಸ್ತೆಯಲ್ಲಿ ವೀಲ್ ಮೇಲೆ ಕೈ ಸುಮ್ನೆ ಕೂತಿರುತ್ತದೆ. ಲಾರಿ ಪಕ್ಕದಲ್ಲಿ ಹಾದುಹೋದರೆ ಗಾಡಿ ಒಮ್ಮೆ ಅಲುಗಿ ತನ್ನ ಸಾಲಿಗೇ ಬರುತ್ತದೆ. ಬ್ರೇಕ್ ಒತ್ತಿದಾಗಿನ ಎಳೆತ ಪೂರ್ತಿ ಹೋಗಿದೆ, ಅದು ಬ್ರೇಕಿನದ್ದಲ್ಲ, ಕೆಳಗಿನ ಆರ್ಮ್ ಬುಷ್ಷಿನದ್ದು ಅಂತ ಈಗ ಖಾತ್ರಿಯಾಯಿತು. ‘ಟಕ್’ ಸದ್ದು ಇಲ್ಲ. ರ್‍ಯಾಕ್ ಇರುವ ಕಾರಿನ ಹಾಗೆ ಚುರುಕು ಬಂದಿದೆ ಅಂತ ಹೇಳಲಾರೆ, ಬಾಕ್ಸ್ ಸ್ಟೇರಿಂಗ್‌ನ ಹದವೇ ಬೇರೆ. ಆದರೆ ಈ ವಯಸ್ಸಿನ ಗಾಡಿ ಇಷ್ಟು ನೆಟ್ಟಗೆ ಹೋಗುವುದನ್ನು ನೋಡಿದರೆ ಮನಸ್ಸು ತುಂಬುತ್ತದೆ. ಮೈಯೆಲ್ಲ ಗ್ರೀಸ್ ಮಾಡಿಕೊಂಡದ್ದಕ್ಕೆ ಕೊರಗಿಲ್ಲ.

ಇಷ್ಟಾದರೂ ತಿರುವಿನಲ್ಲಿ ಭಾರ ಹೇರಿದಾಗ ಹಿಂಭಾಗ ಒಂದು ಕ್ಷಣ ತಡವಾಗಿ ಹಿಂಬಾಲಿಸುತ್ತಿತ್ತು. ಅದು ಮುಂದಿನ ಕಿಟ್‌ನ ದೋಷವಲ್ಲ. ಲೀಫ್ ಸ್ಪ್ರಿಂಗಿನ ತುದಿಯನ್ನು ಚಾಸಿಸ್‌ಗೆ ಸೇರಿಸುವ ಶ್ಯಾಕಲ್‌ನ ಬುಷ್ ಸವೆದರೆ ಹಿಂದಿನ ಆಕ್ಸಲ್ ಓರೆಯಾಗಿ, ಗಾಡಿ ಹಿಂದಿನಿಂದಲೂ ಒಂದಿಷ್ಟು ತಿರುಗುತ್ತದೆ. ಆ ಬುಷ್‌ಗಳನ್ನೂ ಹಾಕಿದೆ. ಆಕ್ಸಲ್ ಬಿಚ್ಚಿದ್ದರಿಂದ ಅದನ್ನು ಸ್ಪ್ರಿಂಗಿಗೆ ಕಟ್ಟುವ ಯು ಬೋಲ್ಟ್‌ಗಳನ್ನು ಹೊಸದೇ ಹಾಕಿದೆ, ಒಮ್ಮೆ ಎಳೆದು ಬಿಗಿದ ಹಳೆಯದನ್ನು ಮತ್ತೆ ಬಳಸಬಾರದು. ಸ್ವಲ್ಪ ಓಡಿಸಿದ ಮೇಲೆ ಅವನ್ನು ಮತ್ತೊಮ್ಮೆ ಟಾರ್ಕ್ ನೋಡಿ ಬಿಗಿಯಬೇಕು, ಬಿಗಿದೆ.

ಒಂದು ಮಳೆಗಾಲ ಕಳೆದ ಮೇಲೆ ಮತ್ತೆ ಅಡಿಗೆ ಹೋಗಿ ನೋಡಿದೆ. ಕೆಳಗಿನ ಬಾಲ್ ಜಾಯಿಂಟ್ ಬೂಟುಗಳು ಒಸರದೆ ಚೊಕ್ಕವಾಗಿವೆ, ಡಯಲ್ ಗೇಜಿನಲ್ಲಿ ಪ್ಲೇ ಇಲ್ಲ. ಎಂಡ್‌ಗಳೂ ಹಾಗೇ. ಬೇರೆ ತರಿಸಿದ ಐಡ್ಲರ್ ಹಾಕಿದ ದಿನದಷ್ಟೇ ಗಟ್ಟಿ. ಮೇಲಿನ ಎಡಗಡೆ ಜಾಯಿಂಟಿನ ಬೂಟಿನಲ್ಲಿ ಮಾತ್ರ ಅಚ್ಚಿನ ಗೆರೆಯ ಹತ್ತಿರ ಗ್ರೀಸ್ ಸಣ್ಣದಾಗಿ ಒಸರುತ್ತಿದೆ. ಸದ್ಯಕ್ಕೆ ಒರೆಸಿ, ಹೊಸ ಗ್ರೀಸ್ ತುಂಬಿ ಬಿಟ್ಟಿದ್ದೇನೆ. ಬೋಲ್ಟಿನ ಮೇಲೆ ಕೂತಿರುವುದರಿಂದ ಅದನ್ನು ಬದಲಾಯಿಸುವುದು ಕಷ್ಟವಲ್ಲ. ದಪ್ಪ ಬೂಟಿನ ಜೋಡಿಯೊಂದನ್ನು ಆರ್ಡರ್ ಮಾಡಿದ್ದೇನೆ, ಬಂದ ಮೇಲೆ ಎರಡೂ ಕಡೆ ಒಟ್ಟಿಗೇ ಹಾಕುತ್ತೇನೆ.